ಗಿರಿಯವ್ವನ ಹೆಸರಿನ ಮುಂದೆ ಏನು ಬರೆಯಬೇಕು?

ಒಂದು ಪಾಳೆಯಪಟ್ಟಿನಲ್ಲಿ ಪರ್ವತಯ್ಯ ಎಂಬ ಕರಣಿಕನಿದ್ದ. ಪದ ಅಂದರೆ ಅವನಿಗೆ ಪ್ರಾಣ. ಅರ್ಥ ಸರಿಯಾಗಿ ತಿಳಿಯದ ಒಂದು ಮಾತನ್ನೂ ಅವನು ಓಲೆಯ ಮೇಲೆ ಬರೆಯುತ್ತಿರಲಿಲ್ಲ.

ಒಂದು ದಿನ ದೊರೆ ಕೋಟೆಯಲ್ಲಿರುವವರ ಪಟ್ಟಿ ಬರೆಸುತ್ತಿದ್ದ. ಗಿರಿಯವ್ವ ಎಂಬ ಹೆಸರು ಬಂತು. ಆಕೆ ಪಕ್ಕದ ಸೀಮೆಯ ಹೆಸರಾಂತ ಸೂಲಗಿತ್ತಿ. ರಾಣಿಯ ಹೆರಿಗೆಗೆಂದು ಕಾಲಾಳುಗಳು ಹೋಗಿ ಎಳೆದು ತಂದಿದ್ದರು. ಹೆರಿಗೆಯಾಗಿ ಆರು ತಿಂಗಳಾದರೂ ದೊರೆ ಕಳಿಸಿರಲಿಲ್ಲ. ಮುಂದಿನ ಹೆರಿಗೆಗೂ ಬೇಕಲ್ಲ!

“ಅತಿಥಿ ಎಂದು ಬರೆ,” ಅಂದ ದೊರೆ.

ಪರ್ವತಯ್ಯನ ಕೈ ತಡೆಯಿತು. ಪದ ಸರಿಯೋ ಅಲ್ಲವೋ? ನೋಡಿಯೇ ಬಿಡೋಣ ಎಂದು ಗಿರಿಯವ್ವನ ಬಿಡಾರಕ್ಕೆ ಹೋದ. ಮೆತ್ತನೆಯ ಹಾಸಿಗೆಯಿತ್ತು. ಬೆಳ್ಳಿ ತಟ್ಟೆಯಲ್ಲಿ ಊಟ ಆರಿಹೋಗಿತ್ತು.

“ಇಲ್ಲಿ ನಿಮಗೇನು ಕಡಿಮೆ ಅವ್ವಾ?”

“ಏನೂ ಕಡಿಮೆಯಿಲ್ಲಪ್ಪ. ನನ್ನನ್ನ ಕರ್ಕೊಂಡು ಬಂದಾಗ ಮಗಳಿಗೆ ಮೂರು ತಿಂಗಳು. ಈಗ ದಿನ ತುಂಬ್ತಾ ಬಂತು. ಚೊಚ್ಚಲು. ಊರಿಗೆ ಹೋಗ್ತೀನಿ ಅಂತ ಬಾಗಿಲ ಹತ್ರ ಹೋದೆ. ಕಾವಲಿನವರು ಈಟಿ ಅಡ್ಡ ಹಿಡಿದು ನಕ್ಕರು.”

ಪರ್ವತಯ್ಯ ಮರಳಿ ಬಂದು ಬರೆದ: ‘ಗಿರಿಯವ್ವ, ಸೆರೆಯಾಳು.’

ದೊರೆ ಕೆರಳಿದ. “ಸೆರೆಯೇ? ಸಂಕೋಲೆ ಎಲ್ಲಿದೆ ತೋರಿಸು! ಇಲ್ಲದಿದ್ದರೆ ನಿನ್ನ ಕಾಲಿಗೇ ಹಾಕಿಸಿ ಆ ಪದದ ಅರ್ಥ ಕಲಿಸುತ್ತೇನೆ.”

“ನಾನೂ ಮೊದಲು ಸಂಕೋಲೆಯನ್ನೇ ಹುಡುಕಿದೆ ಪ್ರಭು. ಆದರೆ ಅತಿಥಿ ಹೊರಡುತ್ತೇನೆ ಅಂದರೆ ವೀಳ್ಯ ಕೊಟ್ಟು ಕಳಿಸುತ್ತೇವೆ. ಆಕೆ ಹೊರಡುತ್ತೇನೆ ಅಂದಾಗ ಈಟಿ ಅಡ್ಡ ಹಿಡಿದೆವು. ಇದಕ್ಕೆ ಬೇರೆ ಪದ ನನಗೆ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ಅಪ್ಪಣೆಯಾಗಲಿ, ಬರೆಯುತ್ತೇನೆ.”

ದೊರೆಗೆ ಬೇರೆ ಪದ ಸಿಗಲಿಲ್ಲ. ಆಮೇಲೆ ತಾನೇ ಎದ್ದು ಗಿರಿಯವ್ವನ ಬಿಡಾರಕ್ಕೆ ನಡೆದ. ಪರ್ವತಯ್ಯ ಹಿಂದೆಯೇ ಹೋದ. ದೊರೆ ಆಕೆಯ ಕೈಗೆ ವೀಳ್ಯವಿಟ್ಟ, ಗಾಡಿ ಹೂಡಿಸಿದ.

“ಮತ್ತೆ ಬರ್ತೀಯಾ ತಾಯಿ?”

“ಹೇಳಿ ಕಳಿಸಿ ಬುದ್ಧಿ, ಬರ್ತೀನಿ. ಹಿಡಿದು ತರಿಸಿದರೆ ಕೈ ಬರ್ತದೆ, ಕೈಗುಣ ಬರೋದಿಲ್ಲ.”

ಗಾಡಿ ಕೋಟೆಯ ಬಾಗಿಲು ದಾಟಿತು. ಮೂರನೆಯ ದಿನ ಮೊಮ್ಮಗಳನ್ನು ಗಿರಿಯವ್ವನೇ ಕೈಯಾರೆ ಎತ್ತಿಕೊಂಡಳು.

ನೀತಿ: ಹೊರಡುತ್ತೇನೆ ಎಂದವರನ್ನು ಬಲವಂತದಿಂದ ತಡೆದು ನಿಲ್ಲಿಸಿದರೆ ಅದು ಸೆರೆಯೇ. ಎಷ್ಟು ಸುಖದಲ್ಲಿಟ್ಟರೂ, ಎಂಥ ಸಿಹಿ ಹೆಸರಿಟ್ಟರೂ ಅದರ ಅರ್ಥ ಬದಲಾಗುವುದಿಲ್ಲ.