ನೂರೊಂದನೆಯ ಕಪ್ಪೆ

ಕೆರೆಯ ಕಪ್ಪೆಗಳಲ್ಲಿ ಒಂದು ಕ್ಷೇತ್ರಕ್ಕೆ ನೂರೇ ಮತದಾರರು. ಬಾಲ ಕರಗದ ಗೊದಮೊಟ್ಟೆಗಳು ಲೆಕ್ಕಕ್ಕಿಲ್ಲ. ಮೂಡಣ ಕ್ಷೇತ್ರದಲ್ಲಿ ಸಂಖ್ಯೆ ನೂರಹತ್ತಾದಾಗ, ಗಡಿಯನ್ನು ಹೊಸದಾಗಿ ಎಳೆಯಲು ಅವು ನೀರುಹಾವನ್ನು ಕರೆದವು. ಹಾವಿಗೆ ಮತವಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಎಂದು ಎಲ್ಲವೂ ಒಪ್ಪಿದ್ದವು.

ಮೂಡಣಕ್ಕೆ ಹೋದ ಹಾವು ಸಂಜೆಗೆ ನಿಧಾನವಾಗಿ ಈಜಿಕೊಂಡು ಬಂದಿತು. "ಗಡಿ ಸರಿಸುವ ಅಗತ್ಯ ಬೀಳಲಿಲ್ಲ. ಈಗ ಅಲ್ಲಿ ಸರಿಯಾಗಿ ನೂರು."

"ಉಳಿದ ಹತ್ತು ಮಂದಿ ಎಲ್ಲಿ, ಸ್ವಾಮಿ?" ಎಂದಿತು ಮುದಿಕಪ್ಪೆ.

"ನಿಯಮ ಮಾಡಿದವರು ನೀವು," ಎಂದು ಹಾವು ಪಡುವಣ ಕ್ಷೇತ್ರದ ಕಡೆ ತಿರುಗಿತು. "ಇಲ್ಲಿ ಎಷ್ಟು ಮಂದಿ?"

"ನೂರೇ, ಸ್ವಾಮಿ! ಒಂದೂ ಹೆಚ್ಚಿಲ್ಲ!" ಎಂದು ಪಡುವಣದ ಕಪ್ಪೆಗಳು ಒಟ್ಟಾಗಿ ಕೂಗಿದವು.

ಜೊಂಡಿನ ಮರೆಯಲ್ಲಿ ತಾಯಿಕಪ್ಪೆಯೊಂದು ತನ್ನ ಮರಿಯನ್ನು ಬಳಿಗೆಳೆದು ಅದರ ಮೋಟುಬಾಲ ನೋಡಿತು. "ಬಾಲ ಕರಗಿದರೆ ನೀನು ನೂರೊಂದನೆಯವನಾಗುತ್ತೀಯ, ಕಂದಾ," ಎಂದಿತು ಮೆಲ್ಲಗೆ. "ಬೆಳೆಯಬೇಡ."