ಹೊಗೆಗೆ ಹಿಡಿದ ತಟ್ಟೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂರಿ. ಸಂಪಿಗೆನಾಡು ಅಂತ ಒಂದು ರಾಜ್ಯ. ಅದನ್ನು ಚೆಲುವಾಜಮ್ಮ ಎಂಬ ರಾಣಿ ಆಳುತ್ತಿದ್ದಳು. ಒಳ್ಳೆಯ ರಾಣಿ, ಆದರೆ ಸದಾ ಕೆಂಪು ಕಣ್ಣು. ಆಕೆಯದಷ್ಟೇ ಏಕೆ, ಆ ನಾಡಿನಲ್ಲಿ ಎಲ್ಲರ ಕಣ್ಣೂ ಕೆಂಪು, ಎಲ್ಲರಿಗೂ ಕೆಮ್ಮು.

ಕಾರಣ ಒಂದು ಪದ್ಧತಿ. ಬೆಳಗಾದರೆ ಮಳೆ ಬರಲೆಂದು ಪ್ರತಿ ಅಂಗಳದಲ್ಲೂ ಸೌದೆ ಒಟ್ಟಿ ಬೆಂಕಿ ಹಾಕಬೇಕು. "ಹೋಗೋ ಹೊಗೆಯೇ, ಮೋಡವಾಗಿ ಬಾರೋ" ಎಂದು ಕೂಗಬೇಕು. ಅದಕ್ಕೆ ಮೋಡ ಹೂಡುವುದು ಅಂತ ಹೆಸರು. ಇದನ್ನು ಹುಟ್ಟಿಸಿದವನು ಸೌದೆ ಮಂತ್ರಿ ಬೊಮ್ಮರಸ. ಕಾಡು ಕಡಿಯುವ ಕೊಡಲಿಗಳು ಅವನವು, ಸೌದೆ ಸಾಗಿಸುವ ಗಾಡಿಗಳೂ ಅವನವೇ!

ಒಂದು ಬೆಟ್ಟ ಬೋಳಾಯಿತು, ಮಳೆ ಕಮ್ಮಿಯಾಯಿತು. "ಹೊಗೆ ಸಾಲದು" ಎಂದ ಬೊಮ್ಮರಸ. ಎರಡನೇ ಬೆಟ್ಟ ಬೋಳಾಯಿತು, ಮಳೆ ಇನ್ನೂ ಕಮ್ಮಿಯಾಯಿತು. "ಹೊಗೆ ಸಾಲದು" ಎಂದ. ಉಳಿದದ್ದು ಹಿಪ್ಪೆ ಮರಗಳ ಬೆಟ್ಟ ಒಂದೇ. ರಾಣಿ ಚಿಕ್ಕವಳಿದ್ದಾಗ ಉಯ್ಯಾಲೆ ಆಡಿದ ಬೆಟ್ಟ.

"ನಾಳೆ ಅದಕ್ಕೂ ಕೊಡಲಿ ಹಾಕೋಣ ತಾಯಿ" ಎಂದ ಬೊಮ್ಮರಸ.

ಅಂದು ಸಂಜೆ ರಾಣಿಗೆ ಊಟ ಸೇರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ಕೂತಳು. ಹೊಗೆ ಮುಟ್ಟಿದ ಗೋಡೆ ಕಪ್ಪಗಿತ್ತು. ಸಾರಿನ ಆವಿ ಮುಟ್ಟಿದ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಿತ್ತು. "ಅರೆ, ಇಷ್ಟು ದಿನ ಕಣ್ಣೆದುರೇ ಇತ್ತಲ್ಲ!" ಎಂದು ರಾಣಿ ಎದ್ದು ನಿಂತಳು.

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಊರೆಲ್ಲ ಸೇರಿತು. "ಬೊಮ್ಮರಸರೇ, ಹೊಗೆಯಿಂದ ಒಂದೇ ಒಂದು ಹನಿ ನೀರು ತೋರಿಸಿ, ಬೆಟ್ಟ ನಿಮ್ಮದು. ಇಲ್ಲವಾದರೆ ಗಾಡಿಗಳು ನನ್ನವು" ಎಂದಳು ರಾಣಿ.

ಮೊದಲು ಕುದಿಯುವ ಗಡಿಗೆಯ ಮೇಲೆ ತಟ್ಟೆ ಹಿಡಿದಳು. ತಟ್ಟೆ ತುಂಬ ಹನಿ.

ಆಮೇಲೆ ಹಿಪ್ಪೆಯ ಎಲೆಗೊಂಚಲಿನ ಮೇಲೆ ಗಾಜಿನ ಭರಣಿ ಕವುಚಿ, ಅದರ ಬಾಯಿಗೆ ಬಟ್ಟೆ ಕಟ್ಟಿದಳು. ಬಿಸಿಲೇರುತ್ತಿದ್ದಂತೆ ಭರಣಿ ಒಳಗೆಲ್ಲ ಬೆವರಿತು. "ನೋಡಿ, ಮರ ಉಸಿರಾಡಿದರೆ ನೀರು!" ಎಂದಳು. ಜನ ಹೋ ಎಂದರು.

ಮೂರನೆಯದು ಹೊಗೆ. "ಈ ತಟ್ಟೆ ನಾನೇ ಹಿಡಿಯುತ್ತೇನೆ" ಎಂದು ಬೊಮ್ಮರಸ ಮುಂದೆ ಬಂದ. ಹೊಗೆಯೊಳಗೆ ನುಗ್ಗಿದ, ಕೆಮ್ಮಿದ, ಕಣ್ಣೊರೆಸಿಕೊಂಡ, ಹೊರಬಂದ. ತಟ್ಟೆ ನಿಜಕ್ಕೂ ಒದ್ದೆ!

ಜನ ದಂಗಾದರು. ಅಷ್ಟರಲ್ಲಿ ರಾಣಿ ಅವನ ಅಂಗಿ ತೋಳಿನ ಅಂಚು ನೋಡಿದಳು.

"ಭೇಷ್! ಎರಡೂ ಕೈ ಮೇಲೆತ್ತಿ, ಇದು ಹೊಗೆಯ ನೀರೇ ಅಂತ ಆಣೆ ಮಾಡಿಬಿಡಿ."

ಬೊಮ್ಮರಸ ಉಬ್ಬಿ ಎರಡೂ ಕೈ ಎತ್ತಿದ. ಅಂಗಿಯ ಅಗಲ ತೋಳು ಹಿಂದೆ ಸರಿದು, ಅದರ ಅಂಚಿಗೆ ಸಿಕ್ಕಿಸಿದ್ದ ಒದ್ದೆ ಬಟ್ಟೆಯೊಂದು ಜಾರಿ ಅವನ ತಲೆಯ ಮೇಲೇ ಪಚಕ್ ಎಂದು ಬಿತ್ತು. ಮಸಿ ನೀರು ಮೂಗಿನ ಮೇಲೆ ಇಳಿಯಿತು. ಕೆಮ್ಮುತ್ತಿದ್ದ ಜನ ಕೆಮ್ಮು ಮರೆತು ಬಿದ್ದು ಬಿದ್ದು ನಕ್ಕರು.

"ಮರವೇ ಮೋಡಕ್ಕೆ ನೀರು ಕೊಡುತ್ತೆ. ನಾವು ಮೋಡ ಹೂಡ್ತೀವಿ ಅಂತ ಮೋಡದ ತವರನ್ನೇ ಸುಟ್ಟೆವಲ್ಲ!" ಎಂದಳು ರಾಣಿ.

ಅಂಗಳದ ಬೆಂಕಿ ಆರಿತು. ಅಡುಗೆಯ ಒಲೆಗೂ ಲೆಕ್ಕ ಬಂತು: ಕಾಳು ನೆನೆಸಿ, ಮುಚ್ಚಳ ಮುಚ್ಚಿ ಬೇಯಿಸಿ ನೋಡಿದರು, ಅರ್ಧ ಸೌದೆಯೇ ಸಾಕಾಯಿತು. ಸೌದೆ ಗಾಡಿಗಳು ಸಸಿ ಹೊತ್ತವು, ಸಂತೆಗೆ ಹೋಗುವವರನ್ನೂ ಒಟ್ಟಿಗೆ ಕೂರಿಸಿಕೊಂಡವು. ಗಾಡಿ ಹೊಡೆಯುವವನು ಯಾರು ಗೊತ್ತೇ? ಬೊಮ್ಮರಸ!

ಮಾರನೇ ದಿನವೇ ಮಳೆ ಸುರಿಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಸಸಿ ಮರವಾಗಬೇಕಿತ್ತು, ಕಾದರು. ಆದರೆ ವಾರದೊಳಗೆ ಎಲ್ಲರ ಕಣ್ಣಿನ ಕೆಂಪು ಇಳಿಯಿತು. ರಾಣಿ ಹಿಪ್ಪೆ ಮರಕ್ಕೆ ಮತ್ತೆ ಉಯ್ಯಾಲೆ ಕಟ್ಟಿ, ಸೆರಗು ಸಿಕ್ಕಿಸಿಕೊಂಡು ಜೀಕಿದಳು.

ನೀತಿ ಇಷ್ಟೇ ಮಕ್ಕಳೇ: ಯಾರೇ ಹೇಳಲಿ, ಎಷ್ಟೇ ಜೋರಾಗಿ ಹೇಳಲಿ, ನಂಬುವ ಮೊದಲು ತಟ್ಟೆ ಹಿಡಿದು ನೋಡಿ. ಹಿಡಿದವರ ತೋಳನ್ನೂ ನೋಡಿ.