ಒಂಟಿಗೊಂಬಿನ ದಿಬ್ಬ

ಮರಡಿಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದು, ಹತ್ತಿ ಮಿಲ್ಲಿನ ಗೋಡೆ ಬಳಸಿಕೊಂಡು ಹಳೇಪೇಟೆಯ ಕಡೆ ನಡೆದರೆ, ಮನೆಗಳ ಸಾಲಿನ ನಡುವೆ ಒಮ್ಮೆಲೇ ಎದ್ದು ನಿಂತ ಕರಿಬಂಡೆಯ ದಿಬ್ಬವೊಂದು ಕಾಣುತ್ತದೆ. ಎತ್ತರ ಹೆಚ್ಚೇನಿಲ್ಲ, ಮೂರು ಅಂತಸ್ತಿನ ಮನೆಯಷ್ಟು. ಹತ್ತುವುದಕ್ಕೆ ಬಂಡೆಯಲ್ಲೇ ಕಡಿದ ಸವೆದ ಮೆಟ್ಟಿಲುಗಳಿವೆ, ತುದಿಯಲ್ಲಿ ಚಪ್ಪಡಿ ಹಾಸಿದ ಕಟ್ಟೆಯಿದೆ, ಪಕ್ಕದಲ್ಲೇ ಪುರಸಭೆಯವರು ಕಟ್ಟಿಸಿದ ನೀರಿನ ಟ್ಯಾಂಕು. ಕಟ್ಟೆಯ ಮೇಲೆ ನಿಂತರೆ ಉತ್ತರಕ್ಕೆ ಕೋಟೆಯ ಗುಡ್ಡ, ದಕ್ಷಿಣಕ್ಕೆ ಕುಸಿದುಹೋದ ಪೇಟೆಗೋಡೆ, ಇವೆರಡರ ನಡುವೆ ಹಗ್ಗ ಎಳೆದಂತೆ ನೇರವಾಗಿ ಸಾಗುವ ನೇಕಾರ ಕೇರಿ. ಈ ದಿಬ್ಬಕ್ಕೆ ಒಂಟಿಗೊಂಬಿನ ದಿಬ್ಬವೆಂದು ಹೆಸರು. ಹೊಸಬರು ಹೆಸರು ಕೇಳಿ ಒಂದೇ ಕೋಡಿನ ಗೂಳಿಯ ಕಥೆಯಿರಬೇಕು ಎಂದುಕೊಳ್ಳುತ್ತಾರೆ; ಕೆಳಗಿನ ಚಹಾದಂಗಡಿಯವರಂತೂ ತಮ್ಮ ಫಲಕದ ಮೇಲೆ ಅಂಥದೊಂದು ಗೂಳಿಯ ಚಿತ್ರವನ್ನೇ ಬರೆಸಿದ್ದಾರೆ. ನೇಕಾರ ಕೇರಿಯ ಹಿರಿಯರು ಇದನ್ನು ಒಪ್ಪುವುದಿಲ್ಲ. ಅದು ಗೂಳಿಯ ಕೊಂಬಲ್ಲ, ದಂಡಿನವರು ಊದುತ್ತಿದ್ದ ಹಿತ್ತಾಳೆಯ ಕೊಂಬು ಎನ್ನುತ್ತಾರೆ. ಅದನ್ನು ಊದಿದವನ ಹೆಸರು ಮಾಳಿಂಗ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಮರಡಿಕೋಟೆಯನ್ನು ಆಳುತ್ತಿದ್ದ ನಾಯಕ ಜ್ವರ ಬಂದು ತೀರಿಕೊಂಡ. ಅವನ ಮಗನಿಗಿನ್ನೂ ಎರಡು ವರ್ಷ. ನಾಯಕ ಇದ್ದಾಗ ದಂಡಿಗೆಲ್ಲ ಅವನದೊಂದೇ ಮಾತು, ಆ ಮಾತನ್ನು ಸಾರುವುದಕ್ಕೆ ಒಂದೇ ಕೊಂಬು. ಅವನು ಹೋದ ಮೇಲೆ ಮಾತು ಎರಡಾಯಿತು. ಬಯಲಿನಲ್ಲಿ ಕಾದುವ ಕಾಲಾಳು ಪಡೆಯೆಲ್ಲ ದಳವಾಯಿ ಹಂಪೆನಾಯಕನ ಕೈಯಲ್ಲಿ ಉಳಿಯಿತು. ಗುಡ್ಡದ ಮೇಲಿನ ಕೋಟೆ, ಅದರ ಬಾಗಿಲು, ತುಪಾಕಿಯವರು ಎಲ್ಲ ಕಿಲ್ಲೇದಾರ ಭರಮರಸನ ವಶವಾಯಿತು. ಇಬ್ಬರೂ ಗಟ್ಟಿಗರೇ, ಇಬ್ಬರೂ ಊರಿನ ಮೇಲೆ ಪ್ರಾಣ ಇಟ್ಟವರೇ. ಆದರೆ ಒಬ್ಬ ಕೂತ ಜಗಲಿಯಲ್ಲಿ ಇನ್ನೊಬ್ಬ ಕೂರುತ್ತಿರಲಿಲ್ಲ. ನಾಯಕನ ಕಾಲದ ಹಳೆಯ ಕೊಂಬು ಕೋಟೆಯಲ್ಲಿತ್ತು, ಅದನ್ನು ಹುಚ್ಚೀರ ಎಂಬವನು ಊದುತ್ತಿದ್ದ. ದಳವಾಯಿ ಛಲಕ್ಕೆ ಬಿದ್ದು ತನಗಾಗಿ ಬೇರೊಂದು ಕೊಂಬು ಎರಕ ಹೊಯ್ಯಿಸಿದ. ಅದನ್ನು ಹುಚ್ಚೀರನ ಅಕ್ಕನ ಗಂಡನಾದ ಮಾಳಿಂಗನ ಕೈಗೆ ಕೊಟ್ಟ. ಕೊಂಬು ಬೇರೆಯಾದ ಮೇಲೆ ಕೂಗಿನ ಅರ್ಥವೂ ಬೇರೆಯಾಗಬೇಕಲ್ಲ! ಕೋಟೆಯ ಕೊಂಬು ಮೂರು ಸಲ ಉದ್ದಕ್ಕೆ ಊದಿದರೆ ಹಿಂದಕ್ಕೆ ಬನ್ನಿ ಎಂದರ್ಥ. ದಳವಾಯಿಯ ಕೊಂಬು ಹಾಗೇ ಊದಿದರೆ ಮುಂದಕ್ಕೆ ನುಗ್ಗಿ ಎಂದರ್ಥ. ಮಾಳಿಂಗ ಒಂದು ದಿನ ಮೆಲ್ಲಗೆ, "ದಣಿ, ಗದ್ದಲದಾಗ ಯಾವ ಕೊಂಬು ಯಾರದು ಅಂತ ಮಂದಿಗೆ ಹೆಂಗ ತಿಳೀಬೇಕು?" ಎಂದು ಕೇಳಿದ್ದನಂತೆ. "ನನ್ನ ಮಂದಿಗೆ ನನ್ನ ಕೊಂಬು ತಿಳೀತದ," ಎಂದು ದಳವಾಯಿ ಆ ಮಾತನ್ನು ಅಲ್ಲಿಗೇ ಮುಗಿಸಿದ್ದ.

ಹೊಳೆಯಾಚೆಯ ದಂಡು ಬಂದದ್ದು ಅದೇ ವರ್ಷದ ಸುಗ್ಗಿಯ ಮುಂದೆ. ಐದು ದಿನ ಪೇಟೆಗೋಡೆಗೆ ಗುಂಡು ಹೊಡೆದರು. ಆರನೆಯ ದಿನ ಬೆಳಗಿನಲ್ಲಿ ದಕ್ಷಿಣದ ಅಗಸೆಬಾಗಿಲು ಮುರಿದು ಬಿತ್ತು, ದಂಡು ಪೇಟೆಯೊಳಕ್ಕೆ ನುಗ್ಗಿತು. ಊರೊಳಗಿನ ಕಾಳಗ ಬಯಲಿನ ಕಾಳಗದಂತಲ್ಲ. ಗಾಣಿಗರ ಓಣಿಯಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಎರಡೂ ಕಡೆಯವರು ಜಾರಿ ಬಿದ್ದು, ಬಿದ್ದಲ್ಲೇ ಬಾಕುವಿನಿಂದ ಇರಿದುಕೊಂಡರು. ಮಾಳಿಗೆಯ ಮೇಲಿಂದ ಹೆಂಗಸರು ಬೀಸುಕಲ್ಲು ಉರುಳಿಸಿದರು. ಒಂದೊಂದು ಮನೆಯ ಪಡಸಾಲೆಯನ್ನೂ ಗೆಲ್ಲಬೇಕಾಗಿತ್ತು, ಗೆದ್ದದ್ದು ಗಳಿಗೆಯೊಳಗೆ ಕೈತಪ್ಪುತ್ತಿತ್ತು. ದಳವಾಯಿ ಈ ದಿಬ್ಬದ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದ, ಮಾಳಿಂಗ ಅವನ ಬಲಕ್ಕೆ. ನಡುಹಗಲಿನ ಹೊತ್ತಿಗೆ ಶತ್ರುಗಳು ಕಂಚುಗಾರರ ಚೌಕದಲ್ಲಿ ಸಿಕ್ಕಿಕೊಂಡಂತೆ ಕಂಡಿತು. "ಊದು," ಎಂದ ದಳವಾಯಿ. ಮಾಳಿಂಗ ಮೂರು ಸಲ ಉದ್ದಕ್ಕೆ ಊದಿದ. ಅದೇ ಹೊತ್ತಿಗೆ ಗುಡ್ಡದ ಮೇಲೆ ಭರಮರಸನಿಗೆ ಪೇಟೆ ಕೈಬಿಟ್ಟಿತೆಂದು ತೋರಿ, ಉಳಿದವರನ್ನಾದರೂ ಉಳಿಸಿಕೊಳ್ಳೋಣವೆಂದು ಅವನೂ ಊದಿಸಿದ. ಅದೂ ಮೂರು ಸಲ, ಅದೂ ಉದ್ದಕ್ಕೆ.

ಚೌಕದಲ್ಲಿದ್ದ ಆರುನೂರು ಮಂದಿಯಲ್ಲಿ ಅರ್ಧ ಮುಂದಕ್ಕೆ ನುಗ್ಗಿದರು, ಅರ್ಧ ಹಿಂದಕ್ಕೆ ತಿರುಗಿದರು. ತಮ್ಮವರಿಗೆ ತಮ್ಮವರೇ ಡಿಕ್ಕಿ ಹೊಡೆದರು. ಈಟಿಗಳು ತಮ್ಮವರ ಪಕ್ಕೆಗಳಲ್ಲೇ ಸಿಕ್ಕಿಕೊಂಡವು. ಆ ಗೊಂದಲದೊಳಗೆ ಹೊಳೆಯಾಚೆಯವರು ಹೊಕ್ಕು ಜೋಳದ ದಂಟು ಕೊಯ್ದಂತೆ ಕೊಯ್ದರು. ಗುಡ್ಡದ ಕಡೆ ಓಡಿದವರನ್ನು ಶತ್ರು ಬೆನ್ನಟ್ಟಿದ್ದರಿಂದ ಭರಮರಸ ಕೋಟೆಯ ಬಾಗಿಲು ಹಾಕಿಸಬೇಕಾಯಿತು. ಬಾಗಿಲಿನ ಮುಂದೆಯೇ ಎಷ್ಟೋ ಮಂದಿ ಸತ್ತರು. ಇಳಿಹೊತ್ತಿಗೆ ಎರಡೂ ಕಡೆಯವರ ಕೈ ಸೋತಿತು. ಪೇಟೆಯ ದಕ್ಷಿಣಾರ್ಧ ಶತ್ರುವಿನದಾಯಿತು, ಉತ್ತರಾರ್ಧ ಊರವರಲ್ಲಿ ಉಳಿಯಿತು. ಮಾಳಿಂಗ ದಿಬ್ಬ ಇಳಿದು ಹೆಣಗಳ ನಡುವೆ ಹುಡುಕಿದ. ಈಟಿ ಪಡೆಯಲ್ಲಿದ್ದ ಅವನ ಒಬ್ಬನೇ ಮಗ ಬೀರ ಕಂಚುಗಾರನೊಬ್ಬನ ಕುಲುಮೆಯ ಪಕ್ಕ ಬಿದ್ದಿದ್ದ. ಗಾಯ ಎದೆಯಲ್ಲಿತ್ತು, ಮುಖ ಶತ್ರುವಿನ ಕಡೆಗಿತ್ತು. ಅಂದರೆ ಅವನು ಅಪ್ಪನ ಕೊಂಬನ್ನೇ ಗುರುತು ಹಿಡಿದು ಮುಂದಕ್ಕೆ ಹೋಗಿದ್ದ. ಅದು ಗೊತ್ತಾದ ಮೇಲೆ ಮಾಳಿಂಗ ಅಲ್ಲಿ ಬಹಳ ಹೊತ್ತು ನಿಲ್ಲಲಾರದೆ, ಮಗನ ಮುಖಕ್ಕೆ ತನ್ನ ವಲ್ಲಿ ಹೊದಿಸಿ, ನೇರವಾಗಿ ಗುಡ್ಡ ಹತ್ತಿದ.

ಕೋಟೆಯ ಚಾವಡಿಯಲ್ಲಿ ದಳವಾಯಿ, ಕಿಲ್ಲೇದಾರ ಇಬ್ಬರೂ ಇದ್ದರು. ನಾಳೆಯ ಕಾಳಗದ ಮಾತಾಡಲು ಕೂಡಿದವರು ಇವತ್ತಿನ ತಪ್ಪು ಯಾರದೆಂದು ಕಿತ್ತಾಡುತ್ತಿದ್ದರು. "ಗೆಲ್ಲುವ ಹೊತ್ತಿನಾಗ ಊದಿಸಿ ಕೆಡಿಸಿದಿ!" ಎಂದ ದಳವಾಯಿ. "ಸಾಯೋ ಕಡೆ ಮಂದೀನ್ನ ದೂಡಿದವ ನೀನು!" ಮಾಳಿಂಗ ಬಾಗಿಲಲ್ಲಿ ನಿಂತು ಕೇಳಿದ. ಅವನ ಮೈದುನ ಹುಚ್ಚೀರ ಕಂಬಕ್ಕೆ ಒರಗಿ, ಕೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭಾವನ ಮುಖ ನೋಡಿದೊಡನೆ ಅವನಿಗೆ ಎಲ್ಲ ತಿಳಿಯಿತು.

"ಬೀರ?" ಎಂದ.

ಮಾಳಿಂಗ ತಲೆಯಾಡಿಸಿದ. "ಹುಚ್ಚೀರ, ಅದನ್ನ ಇಲ್ಲಿ ಕೊಡು."

ಹುಚ್ಚೀರ ಎದ್ದು ಕೊಟ್ಟ. ಮಾಳಿಂಗ ಆ ಹಳೆಯ ಕೊಂಬನ್ನು ಎರಡೂ ಕೈಯಲ್ಲಿ ಎತ್ತಿ ಚಾವಡಿಯ ಕಲ್ಲುಮೆಟ್ಟಿಲಿಗೆ ಅಪ್ಪಳಿಸಿದ. ಒಮ್ಮೆಯಲ್ಲ, ಅದು ನಜ್ಜುಗುಜ್ಜಾಗುವ ತನಕ. ಭರಮರಸ ಕತ್ತಿ ಹಿರಿದು ಎದ್ದ. ದಳವಾಯಿಯ ಮುಖದಲ್ಲಿ ನಗು ಮೂಡಿತ್ತು. ಮಾಳಿಂಗ ಅವನ ಕಡೆ ತಿರುಗಿ, "ದಣಿ, ನಗಬ್ಯಾಡ್ರಿ. ನಿಮ್ಮ ಮಾತಿಗೂ ನಾನು ಊದಾಂಗಿಲ್ಲ. ಈಗ ಉಳಿದಿದ್ದು ಒಂದೇ ಕೊಂಬು. ನಾಳೆ ನೀವಿಬ್ಬರೂ ದಿಬ್ಬದ ಮ್ಯಾಲೆ ನನ್ನ ಅಕ್ಕಪಕ್ಕ ನಿಲ್ಲಬೇಕು. ಇಬ್ಬರೂ ಹೂಂ ಅಂದರೆ ಊದತೀನಿ. ಒಬ್ಬರು ಬ್ಯಾಡ ಅಂದರೂ ಊದಾಂಗಿಲ್ಲ. ನನ್ನ ಕಡೀಬೇಕು ಅಂದರ ಈಗಲೇ ಕಡೀರಿ. ನಾಳೆ ಊದೋರು ಯಾರದಾರ ನೋಡಿಕೊಳ್ರಿ," ಎಂದ.

ಭರಮರಸನ ಕತ್ತಿ ಬಹಳ ಹೊತ್ತು ಎತ್ತಿದಂತೆಯೇ ಇತ್ತು. ಕೊನೆಗೆ ಅವನು ಕೇಳಿದ್ದು ಇಷ್ಟೇ: "ಸತ್ತವ ನಿನ್ನ ಮಗನೇನು?" ಹೌದು ಎಂದಾಗ ಕತ್ತಿಯನ್ನು ಒರೆಗೆ ಸೇರಿಸಿ, ದಳವಾಯಿಯ ಎದುರಿಗೆ ಅದೇ ಜಗಲಿಯ ಮೇಲೆ ಕೂತ. ನಾಯಕ ಸತ್ತ ಮೇಲೆ ಅವರಿಬ್ಬರೂ ಒಂದೇ ಜಗಲಿಯಲ್ಲಿ ಕೂತದ್ದು ಅದೇ ಮೊದಲು ಎನ್ನುತ್ತಾರೆ.

ಅಂದು ಅವರು ಹೂಡಿದ ಉಪಾಯ ಹೀಗಿತ್ತು. ನೇಕಾರ ಕೇರಿ ಉದ್ದ, ಇಕ್ಕಟ್ಟು. ನೇರ ಕೋಟೆಯ ಬಾಗಿಲಿಗೆ ಮುಟ್ಟುತ್ತದೆ. ನೂರು ಮಂದಿ ಅದರ ಬಾಯಲ್ಲಿ ನಿಂತು ಕಾದಾಡುತ್ತ, ಸೋತವರಂತೆ ಹಿಂದೆ ಸರಿಯಬೇಕು. ಶತ್ರು ಪೂರ್ತಿ ಕೇರಿಯೊಳಗೆ ಬಂದ ಮೇಲೆ ಕೊಂಬು ಕೂಗಬೇಕು. ಆಗ ಭರಮರಸನ ತುಪಾಕಿಯವರು ಬಾಗಿಲು ತೆರೆದು ಮುಂದಿನಿಂದ, ಮನೆಗಳೊಳಗೆ ಅವಿತ ದಳವಾಯಿಯ ಪಡೆ ಪಕ್ಕ ಮತ್ತು ಹಿಂದಿನಿಂದ ಒಟ್ಟಿಗೇ ಬೀಳಬೇಕು. ಕೊಂಬು ಅರೆಗಳಿಗೆ ಮೊದಲು ಕೂಗಿದರೂ ಶತ್ರುವಿನ ಬಾಲ ಹೊರಗೇ ಉಳಿದು ಎಲ್ಲ ಕೆಡುತ್ತಿತ್ತು. ಕೊಂಬು ಇಲ್ಲದ ಹುಚ್ಚೀರ ಒಂದು ಈಟಿ ಕೇಳಿ ಪಡೆದು ಆ ನೂರು ಮಂದಿಯೊಳಗೆ ಸೇರಿಕೊಂಡ. "ಭಾವ, ನಾನು ಕೆಳಗೆ ಇರತೀನಿ ಅಂತ ಲಗೂ ಊದಿಗೀದಿ, ಹುಷಾರು," ಎಂದು ಹೇಳಿ ಹೋದ.

ಮರುದಿನ ಬಿಸಿಲೇರುವ ಹೊತ್ತಿಗೆ ಶತ್ರು ಕೇರಿಯ ಬಾಯಿಗೆ ಬಂದ. ದಿಬ್ಬದ ಮೇಲೆ ಎಡಕ್ಕೆ ಭರಮರಸ, ಬಲಕ್ಕೆ ಹಂಪೆನಾಯಕ, ನಡುವೆ ಮಾಳಿಂಗ. ಕೆಳಗೆ ನೂರು ಮಂದಿ ತೊಂಬತ್ತಾದರು, ಅರವತ್ತಾದರು. ಮಗ್ಗದ ಗುಣಿಗಳಲ್ಲಿ ಹೆಣ ತುಂಬಿದವು; ಒಣಗಲು ಹಾಕಿದ್ದ ಬಣ್ಣದ ನೂಲು ತುಳಿತಕ್ಕೆ ಸಿಕ್ಕು ರಕ್ತ ಯಾವುದು ಬಣ್ಣ ಯಾವುದು ತಿಳಿಯದಾಯಿತು. ಹುಚ್ಚೀರನ ಎಡಗೈ ಮೊಣಕೈಯಿಂದ ಕಡಿದು ನೇತಾಡುತ್ತಿದ್ದುದು ಮೇಲಿಂದಲೇ ಕಾಣುತ್ತಿತ್ತು. ಅವನು ಒಂದೇ ಕೈಯಲ್ಲಿ ಈಟಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಿದ್ದ. "ಈಗ!" ಎಂದ ದಳವಾಯಿ. "ಇನ್ನೂ ಇಲ್ಲ, ಬಾಲ ಹೊರಗದ," ಎಂದ ಭರಮರಸ. ಮಾಳಿಂಗನ ತುಟಿ ಕೊಂಬಿನ ಬಾಯಿಗೆ ಅಂಟಿಕೊಂಡಿತ್ತು. ಅವನು ಊದಲಿಲ್ಲ. ಒಬ್ಬ ಕುದುರೆ ಸವಾರ ಹುಚ್ಚೀರನ ಕತ್ತಿನ ಮೇಲೆ ಕತ್ತಿ ಬೀಸಿದ್ದನ್ನು ಕಣ್ಣು ಮುಚ್ಚದೆ ನೋಡಿದ, ಆಗಲೂ ಊದಲಿಲ್ಲ. ಅಷ್ಟರಲ್ಲಿ ಶತ್ರುವಿನ ತುಪಾಕಿಯೊಂದು ದಿಬ್ಬವನ್ನು ಗುರಿ ಹಿಡಿಯಿತು. ಗುಂಡು ಭರಮರಸನ ಹೊಟ್ಟೆಗೆ ಬಿತ್ತು. ಅವನು ಕಟ್ಟೆಯ ಮೇಲೆ ಕುಸಿದು, ಮಾಳಿಂಗನ ಕಾಲು ಹಿಡಿದುಕೊಂಡೇ ಕೇರಿಯ ಕಡೆ ನೋಡಿದ. ಕಡೆಯ ಕುದುರೆಯೂ ಒಳಗೆ ಬಂದಿತ್ತು. "ಹೂಂ," ಎಂದ. "ಹೂಂ," ಎಂದ ದಳವಾಯಿ.

ಮಾಳಿಂಗ ಊದಿದ.

ಮುಂದಿನದು ಕಾಳಗವಲ್ಲ, ಕಟುಕತನ ಎಂದೇ ನೇಕಾರ ಕೇರಿಯವರು ಹೇಳುತ್ತಾರೆ. ಕೋಟೆಯ ಬಾಗಿಲು ತೆರೆದು ತುಪಾಕಿಗಳು ಒಮ್ಮೆಲೇ ಸಿಡಿದವು. ಮನೆಗಳ ಬಾಗಿಲು, ಕಿಟಕಿ, ಮಾಳಿಗೆಗಳಿಂದ ಈಟಿಗಳು ಇಳಿದವು. ಹಿಂದಕ್ಕೆ ದಾರಿಯಿಲ್ಲ, ಮುಂದಕ್ಕೆ ದಾರಿಯಿಲ್ಲ. ಕುದುರೆಗಳು ಬಿದ್ದವರನ್ನು ತುಳಿದವು, ಸತ್ತವರು ಕೆಳಗೆ ಬೀಳಲು ಜಾಗವಿಲ್ಲದೆ ನಿಂತೇ ಇದ್ದರು. ಒಂದು ಗಳಿಗೆಯಲ್ಲಿ ಹೊಳೆಯಾಚೆಯವರ ಸರದಾರ ಸತ್ತ. ಉಳಿದವರು ಕತ್ತಿ ಬಿಸುಟರು, ಕೈಯೆತ್ತಿದರು, ನೆಲಕ್ಕೆ ಹಣೆಯಿಟ್ಟರು. ಊರವರ ಕೈ ನಿಲ್ಲಲಿಲ್ಲ. ನಿನ್ನೆ ಮಗನನ್ನು, ತಮ್ಮನನ್ನು ಕಳೆದುಕೊಂಡವರೇ ಎಲ್ಲರೂ. ಕೈಯೆತ್ತಿದವರ ಕೈಗಳನ್ನೇ ಕಡಿದರು.

"ದಣಿ, ಸಾಕು ಅನ್ರಿ," ಎಂದ ಮಾಳಿಂಗ. ದಳವಾಯಿ ಗಂಟಲು ಬಿರಿಯುವಂತೆ ಕೂಗಿದ, ಅವನ ಕೂಗು ಕೆಳಗೆ ಯಾರಿಗೂ ಕೇಳಲಿಲ್ಲ.

"ನಿಲ್ಲಿಸೋದಕ್ಕ ಏನು ಊದಲಿ?"

ಹಂಪೆನಾಯಕ ಅವನ ಮುಖ ನೋಡಿದ. ಮುಂದಕ್ಕೆ ಹೋಗಲು ಒಂದು ಕೂಗು ಇತ್ತು, ಹಿಂದಕ್ಕೆ ಬರಲು ಒಂದು ಕೂಗು ಇತ್ತು, ಬೆಂಕಿ ಹಚ್ಚಲು, ಬಾಗಿಲು ಮುಚ್ಚಲು ಕೂಡ ಇತ್ತು. "ಅಂಥಾದ್ದೊಂದು ಕೂಗು ನಮ್ಮಲ್ಲಿ ಇಲ್ಲೋ ಮಾಳಿಂಗ," ಎಂದ. ಕಟ್ಟೆಯ ಮೇಲೆ ಭರಮರಸನ ಉಸಿರು ಆಗಲೇ ನಿಂತಿತ್ತು. ಹೂಂ ಅನ್ನಲು ಇಬ್ಬರು ಇರಲಿಲ್ಲ.

ಮಾಳಿಂಗ ಕುರುಬರವನು. ದಂಡಿಗೆ ಸೇರುವ ಮೊದಲು ಹದಿನೈದು ವರ್ಷ ಕುರಿ ಕಾದಿದ್ದ. ಸಂಜೆ ಕುರಿಗಳನ್ನು ಹಟ್ಟಿಗೆ ಕರೆಯುವ ಕೂಗೊಂದಿದೆ, ಇಳಿದು ಇಳಿದು ಮೆತ್ತಗಾಗುವ ಕೂಗು. ಯಾರ ಅಪ್ಪಣೆಯೂ ಇಲ್ಲದೆ ಅವನು ಅದನ್ನೇ ಊದಿದ. ಮೊದಲ ಸಲ ಯಾರೂ ಕೇಳಲಿಲ್ಲ. ಎರಡನೆಯ ಸಲ ಊದುವಾಗ ತುಟಿ ಒಡೆದು ರಕ್ತ ಕೊಂಬಿನೊಳಗೆ ಇಳಿಯಿತು. ಮೂರನೆಯ ಸಲಕ್ಕೆ ಕುರುಬ ಹಟ್ಟಿಗಳಿಂದ ಬಂದ ಈಟಿಯವರು ಒಬ್ಬೊಬ್ಬರಾಗಿ ನಿಂತು ತಲೆಯೆತ್ತಿದರು. ಎತ್ತಿದ ಕೈ ಹಾಗೇ ಉಳಿಯಿತು. ಅವರು ನಿಂತದ್ದು ನೋಡಿ ಪಕ್ಕದವರೂ ನಿಂತರು. ಕೇರಿಯಲ್ಲಿ ನರಳಾಟ ಬಿಟ್ಟು ಬೇರೆ ಸದ್ದಿಲ್ಲದಾಯಿತು. ಹಾಗೆ ಬದುಕಿ ಉಳಿದ ಹೊಳೆಯಾಚೆಯವರು ಅರವತ್ತೇಳು ಮಂದಿ. ಅವರಲ್ಲಿ ಹುಚ್ಚೀರನನ್ನು ಕಡಿದ ಸವಾರನೂ ಇದ್ದ. ಮಾಳಿಂಗ ಅವನನ್ನು ಗುರುತಿಸಿದ, ದಾಟಿ ಮುಂದೆ ಹೋದ.

ಮೂರನೆಯ ದಿನ ಹೆಣಗಳ ಕೆಲಸ ಮುಗಿದ ಮೇಲೆ ದಳವಾಯಿ ದಿಬ್ಬದ ಕಟ್ಟೆಗೆ ಪಡೆಯನ್ನೆಲ್ಲ ಕರೆಸಿದ. "ಮರಡಿಕೋಟೆಯಲ್ಲಿ ಇನ್ನು ಮೇಲೆ ಒಂದೇ ಕೊಂಬು," ಎಂದು ಸಾರಿದ. ಆಮೇಲೆ ಮಾಳಿಂಗನ ಕಡೆ ತಿರುಗಿದ. "ಊರು ಉಳಿದಿದ್ದು ನಿನ್ನಿಂದ. ಆದರ ಅಪ್ಪಣೆ ಇಲ್ಲದ ಊದಿದಿ. ಇವತ್ತು ನೀನು ಒಳ್ಳೇದಕ್ಕ ಊದಿದಿ, ನಾಳೆ ಇನ್ನೊಬ್ಬ ಕೆಟ್ಟದ್ದಕ್ಕ ಊದತಾನ. ನಾನು ಬಿಟ್ಟರ ದಂಡು ನಿಲ್ಲಂಗಿಲ್ಲ." ಅಪ್ಪಣೆಯಿಲ್ಲದೆ ಊದಿದವನ ಮುಂದಿನ ಹಲ್ಲು ಕೀಳಿಸಬೇಕೆಂಬುದು ಹಳೆಯ ಕಟ್ಟಳೆ, ಹಲ್ಲಿಲ್ಲದವನು ಮತ್ತೆ ಊದಲಾರ.

"ಕೀಳಿಸ್ರಿ ದಣಿ," ಎಂದ ಮಾಳಿಂಗ. "ಆದರ ಮೊದಲು ಆ ಕೂಗನ್ನ ಇನ್ನೊಬ್ಬಗ ಕಲಸತೀನಿ. ಆಮ್ಯಾಲೆ ಕೀಳಿಸ್ರಿ."

ದಳವಾಯಿ ಒಪ್ಪಿದ. ಎಂಟು ದಿನ ಕೊಟ್ಟ. ಎಂಟು ದಿನವೂ ಮಾಳಿಂಗ ಇದೇ ಕಟ್ಟೆಯ ಮೇಲೆ ಕೂತು, ಹೊಸ ಕೊಂಬಿನವನಿಗೆ ನಿಲ್ಲಿಸುವ ಕೂಗನ್ನು ಕಲಿಸಿದ. ಒಂಬತ್ತನೆಯ ದಿನ ಕಮ್ಮಾರ ಬಂದು ನಾಲ್ಕು ಹಲ್ಲು ಕಿತ್ತ. ಅದಾದ ಮೇಲೆ ಮಾಳಿಂಗ ಹೆಂಡತಿಯನ್ನು ಕರೆದುಕೊಂಡು ಹಟ್ಟಿಗೆ ಹೋದ, ಮತ್ತೆ ದಂಡಿನ ಮುಖ ನೋಡಲಿಲ್ಲ. ಮರಡಿಕೋಟೆಯ ದಂಡಿನಲ್ಲಿ ಮಾತ್ರ ಆ ಕೂಗು ಮುಂದೆ ನಾಲ್ಕು ತಲೆಮಾರು ಉಳಿಯಿತಂತೆ.

ಇಂದು ಮೆಟ್ಟಿಲು ಹತ್ತಿ ಹೋದವರಿಗೆ ಕಟ್ಟೆಯ ಮೂಲೆಯಲ್ಲಿ ಎದೆಯೆತ್ತರದ ಒಂದು ಕಲ್ಲು ಕಾಣುತ್ತದೆ. ಅದರಲ್ಲಿ ಮೂವರು ನಿಂತಿದ್ದಾರೆ. ಅಕ್ಕಪಕ್ಕದವರ ಮೀಸೆ, ಕತ್ತಿ, ಪೇಟದ ಸುತ್ತು ಕೂಡ ಸ್ಪಷ್ಟವಾಗಿವೆ. ನಡುವಿನವನ ಬಾಯಿ ಇರುವೆಡೆ ಮಾತ್ರ ಕಲ್ಲು ನುಣ್ಣಗೆ ಸವೆದು ಕಪ್ಪಗೆ ಹೊಳೆಯುತ್ತದೆ. ಸುತ್ತಲಿನ ಕೇರಿಗಳಲ್ಲಿ ಯಾವ ಕೂಸಿಗೆ ಮೊದಲ ಹಲ್ಲು ಮೂಡಿದರೂ ತಾಯಿ ಅದನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತಾಳೆ, ಬೆರಳ ತುದಿಯಲ್ಲಿ ಬೆಣ್ಣೆ ತೆಗೆದು ಆ ಬಾಯಿಗೆ ಸವರುತ್ತಾಳೆ. ಏಕೆಂದು ಕೇಳಿದರೆ ಹಿಂದಿನಿಂದ ನಡೆದು ಬಂದದ್ದು ಎನ್ನುತ್ತಾರೆ. ಮಿಕ್ಕ ಬೆಣ್ಣೆಯನ್ನು ಕೂಸಿನ ಬಾಯಿಗಿಟ್ಟು, ಬಿಸಿಲೇರುವ ಮೊದಲೇ ಮೆಟ್ಟಿಲಿಳಿದು ಮನೆಗೆ ಹೋಗುತ್ತಾರೆ.